ವಾಲ್ವ್ ಆಂಪ್ಲಿಫೈಯರ್ ಕಟ್ಟುವವರಿಗೆ ನಾಲ್ಕು ಮಾತು

(ಸಂಘದ ತರುಣರ ಕೂಟದಲ್ಲಿ ಮಾಡಿದ ಭಾಷಣ)



ಹಗಲೆಲ್ಲ ಬ್ಯಾಂಕಿನಲ್ಲಿ ಜಮಾ-ಖರ್ಚು ನೋಡುವ ನಮ್ಮಂಥ ಗುಮಾಸ್ತರಿಗೆ ಗಿಟಾರಿನ ಆಂಪ್ಲಿಫೈಯರ್ ವಿಷಯದಲ್ಲಿ ಮಾತನಾಡಲು ಏನು ಅಧಿಕಾರವೆಂದು ತಾವು ಕೇಳಬಹುದು. ನಾವು ಓದಿದ್ದು ಬಿ.ಕಾಂ. ಆದರೆ ನಾವು ಮೂವರು ಗೆಳೆಯರು ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳನ್ನು ಸುತ್ತಿ, ವಾಲ್ವ್ ಆಂಪ್ಲಿಫೈಯರೊಂದನ್ನು ಕೈಯಾರೆ ಕಟ್ಟಿದ್ದೇವೆ. ಕಟ್ಟುವಾಗ ಪೆಟ್ಟನ್ನೂ ತಿಂದಿದ್ದೇವೆ. ಅದೇ ನಮ್ಮ ಅಧಿಕಾರ.

ಮೊದಲನೆಯ ಮಾತು: ಸಣ್ಣದರಿಂದ ಆರಂಭಿಸಿರಿ. ಅಮೆರಿಕೆಯ ಫೆಂಡರ್ ಕಂಪನಿಯು ೧೯೫೦ರ ದಶಕದ ಉತ್ತರಾರ್ಧದಲ್ಲಿ ತಯಾರಿಸಿದ 'ಚಾಂಪ್' ಆಂಪ್ಲಿಫೈಯರಿನ ೫ಎಫ್೧ ನಕ್ಷೆಯು ಹೊಸಬರಿಗೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಮೂರೇ ವಾಲ್ವುಗಳು: ಗಿಟಾರಿನ ಕ್ಷೀಣ ಸಂಕೇತವನ್ನು ಹಿಗ್ಗಿಸಲು ೧೨ಎಎಕ್ಸ್೭, ಸ್ಪೀಕರನ್ನು ನುಡಿಸಲು ೬ವಿ೬, ಎಸಿ ವಿದ್ಯುತ್ತನ್ನು ಡಿಸಿ ಮಾಡಲು ೫ವೈ೩. ಶಕ್ತಿ ಸುಮಾರು ೫ ವಾಟ್. ಚಾಳಿನ ಕೋಣೆಗೆ ಅದೇ ಹೆಚ್ಚಾಯಿತೆಂದು ನಮ್ಮ ನೆರೆಯವರ ಅಭಿಪ್ರಾಯ! ಟ್ರಾನ್ಸ್‌ಫಾರ್ಮರ್ ಮಾತ್ರ ೨೩೦ ವೋಲ್ಟಿಗೆ ತಕ್ಕದ್ದಿರಬೇಕು. ಅಮೆರಿಕೆಯ ೧೨೦ ವೋಲ್ಟಿನದು ಇಲ್ಲಿ ಸುಟ್ಟುಹೋಗುತ್ತದೆ.

ಎರಡನೆಯದು ಅರ್ಥ್. ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಲೋಹದ ಚೌಕಟ್ಟಿಗೆ ಸೇರಿರುತ್ತವೆ. ಚೌಕಟ್ಟಿಗೆ ಅರ್ಥ್ ಇಲ್ಲದಿದ್ದು, ಒಳಗೆ ಮೇನ್ಸ್ ತಂತಿ ಅದಕ್ಕೆ ತಗುಲಿದರೆ, ವಿದ್ಯುತ್ತು ನೇರವಾಗಿ ನುಡಿಸುವವರ ಬೆರಳಿಗೆ ಬರುತ್ತದೆ. ಗುಂಯ್‌ಗುಡುವ ಸದ್ದು ನಿಲ್ಲಲೆಂದು ಅರ್ಥಿನ ಪಿನ್ನನ್ನು ಎಂದಿಗೂ ಕೀಳಕೂಡದು.

ಮೂರನೆಯದನ್ನು ನಾವು ಕಷ್ಟಪಟ್ಟು ಕಲಿತೆವು. ಒಂದು ಭಾನುವಾರ ನಮ್ಮಲ್ಲೊಬ್ಬರು ಪ್ಲಗ್ಗು ಕಿತ್ತು, ಇನ್ನೇನು ಭಯವೆಂದು ಒಳಗೆ ಕೈಹಾಕಿದರು. ಮರುಕ್ಷಣ ಅವರ ಕೈ ಹಿಂದಕ್ಕೆ ಎಸೆದಂತಾಗಿ ಗೋಡೆಗೆ ಬಡಿಯಿತು. ಅವರ ಪುಟ್ಟ ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅವರು ಉಳಿದದ್ದು ನಮ್ಮ ಪುಣ್ಯ. ಬ್ಯಾಂಕಿನ ಬಾಗಿಲು ಮುಚ್ಚಿದರೂ ತಿಜೋರಿಯಲ್ಲಿ ಹಣವಿರುವಂತೆ, ಪ್ಲಗ್ಗು ಕಿತ್ತರೂ ಕೆಪಾಸಿಟರುಗಳಲ್ಲಿ ಮುನ್ನೂರಕ್ಕೂ ಹೆಚ್ಚು ವೋಲ್ಟು ಉಳಿದಿರಬಹುದು. ಆದುದರಿಂದ ೧೦,೦೦೦ ಓಮ್, ೫ ವಾಟಿನ ರೆಸಿಸ್ಟರನ್ನು, ರಬ್ಬರು ಹೊದಿಕೆಯ ಕ್ಲಿಪ್ಪುಗಳಿಂದ, ಒಂದೊಂದು ಕೆಪಾಸಿಟರಿನ ಧನ ತುದಿಗೂ ಚೌಕಟ್ಟಿಗೂ ನಡುವೆ ಕೆಲವು ಸೆಕೆಂಡು ಹಿಡಿಯಿರಿ. ಮೀಟರು ಸೊನ್ನೆಯ ಹತ್ತಿರಕ್ಕೆ ಇಳಿದುದನ್ನು ಕಣ್ಣಾರೆ ಕಂಡ ಮೇಲೆಯೇ ಮುಟ್ಟತಕ್ಕದ್ದು.

ಕಡೆಯದು ತಪಾಸಣೆ. ಬ್ಯಾಂಕಿನಲ್ಲಿ ವೋಚರು ಬರೆದವರು ಒಬ್ಬರು, ಪಾಸು ಮಾಡುವವರು ಇನ್ನೊಬ್ಬರು. ಇಲ್ಲಿಯೂ ಹಾಗೆಯೇ, ಒಬ್ಬರು ಬೆಸುಗೆ ಹಾಕಿದರೆ, ಮತ್ತೊಬ್ಬರು ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಿಂದ ಗುರುತು ಹಾಕುತ್ತ ಪ್ರತಿಯೊಂದು ತಂತಿಯನ್ನೂ ಪರೀಕ್ಷಿಸಲಿ. ಸ್ಪೀಕರನ್ನು ಜೋಡಿಸದೆ ಸ್ವಿಚ್ಚು ಹಾಕಬೇಡಿರಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಕೆಡಬಹುದು. ಮೊದಲ ಸಲ, ಮೇನ್ಸ್ ತಂತಿಯ ಸಾಲಿನಲ್ಲಿ ೬೦ ವಾಟಿನ ಹಳೆಯ ತಂತಿಬಲ್ಬೊಂದನ್ನು ಸೇರಿಸಿರಿ. ಬಲ್ಬು ಪೂರ್ಣ ಪ್ರಕಾಶದಿಂದ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಇದೆಯೆಂದು ತಿಳಿಯಿರಿ.

ಅಂದು ಪೆಟ್ಟು ತಿಂದ ಗೆಳೆಯರೇ ಈ ರಾಜ್ಯೋತ್ಸವದಲ್ಲಿ ಭಾವಗೀತೆಗಳಿಗೆ ಗಿಟಾರು ನುಡಿಸಲಿದ್ದಾರೆ. ನಾದ ಹೊರಡುವುದು ಅದೇ ಪೆಟ್ಟಿಗೆಯಿಂದ. ಅವರ ಮಗಳು ಮುಂದಿನ ಸಾಲಿನಲ್ಲಿ ಕುಳಿತಿರುತ್ತಾಳೆ. ತಾವೂ ಬಂದು ಕೇಳಿರಿ. ಬಳಿಕ ತಾವೂ ಕಟ್ಟಿರಿ. ಅವಸರ ಮಾತ್ರ ಬೇಡ.