ಕಾರವಿಗೆ ಎಷ್ಟು ಹೆಸರು?

ಬೆಳಗಾವಿಯಿಂದ ಖಾನಾಪುರ ತಾಲ್ಲೂಕಿನ ಕಣಕುಂಬಿಯತ್ತ ಹೋದರೆ ಘಟ್ಟದಲ್ಲಿ ಕಾರವಿಯ ಪೊದೆಗಳು ಸಿಗುತ್ತವೆ. ಇದರ ಕೋಲುಗಳನ್ನು ಹೆಣೆದು, ಮಣ್ಣು–ಸಗಣಿ ಮೆತ್ತಿ ಗೋಡೆ ಕಟ್ಟುತ್ತಿದ್ದರು. ಏಳೆಂಟು ವರ್ಷಕ್ಕೊಮ್ಮೆ ನೇರಳೆ ಹೂ ಬಿಟ್ಟು, ಬೀಜ ಕಟ್ಟಿ ಗಿಡ ಸಾಯುತ್ತದೆ.

1832ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿ ನೀಸ್ ಇದನ್ನು ‘ಸ್ಟ್ರೊಬೈಲಾಂತಿಸ್ ಕ್ಯಾಲೋಸ’ ಎಂದು ಕರೆದರು. ಮೊದಲ ಪದಕ್ಕೆ ಗ್ರೀಕಿನಲ್ಲಿ ‘ಶಂಕುವಿನಂಥ ಹೂ’ ಎಂದರ್ಥ. 1944ರಲ್ಲಿ ಡಚ್ ವಿಜ್ಞಾನಿ ಬ್ರೆಮೆಕಾಂಪ್ ಇದನ್ನು ಬೇರೆ ಕುಲಕ್ಕೆ ಸೇರಿಸಿ ‘ಕಾರ್ವಿಯ’ ಎಂದರು. ಘಟ್ಟದವರ ಆಡುಮಾತು ಲ್ಯಾಟಿನ್ ವೇಷ ತೊಟ್ಟಿತು! ಮುಂದೆ ವಿದ್ವಾಂಸರು ಈ ವಿಂಗಡಣೆಯನ್ನು ಒಪ್ಪದೆ ನೀಸ್ ಕೊಟ್ಟ ಹೆಸರಿಗೇ ಮರಳಿದರು.

ಗ್ರಂಥದ ಹೆಸರು ತಪ್ಪಿದರೆ ತಿದ್ದುವವರಿದ್ದಾರೆ. ಊರ ಹೆಸರು ಮರೆತರೆ ಹುಡುಕಿ ಕೊಡುವವರು ಯಾರು? ಮುಂದಿನ ಹೂವಿನೊಳಗೆ ಮಕ್ಕಳಿಗೆ ಅದನ್ನು ಕಲಿಸೋಣ.