ನೀರೂ ಬೇಕು, ದಾರಿಯೂ ಬೇಕು

ರಜೆ ಬಂತೆಂದರೆ ಎಷ್ಟೋ ಜನರಿಗೆ ದ್ವೀಪದ ಕನಸು. ಅಂಡಮಾನ್, ಲಕ್ಷದ್ವೀಪ, ಮಾಲ್ಡೀವ್ಸ್. ಸುತ್ತ ನೀಲಿ ನೀರು, ನಡುವೆ ನಾವು.

ಸಮುದ್ರವಿಲ್ಲದ ಅಹಮದಾಬಾದಿನಲ್ಲೂ ಅಂಥದೊಂದು ಪುಟ್ಟ ದ್ವೀಪವಿದೆ. ಕಾಂಕರಿಯಾ ಕೆರೆಯ ನಡುವಿನ ನಗೀನಾ ವಾಡಿ. ಸುಲ್ತಾನ ಕುತ್ಬುದ್ದೀನನ ಕಾಲದಲ್ಲಿ, 1451ರಲ್ಲಿ, 34 ಬದಿಗಳ ಈ ಕೆರೆ ಸಿದ್ಧವಾಯಿತು. ಗುಜರಾತಿನ ಸುಡುಬೇಸಿಗೆಯಲ್ಲಿ ಅರಸರಿಗೆ ತಂಪಾಗಲೆಂದು ನೀರಿನ ನಡುವೆ ತೋಟ. ಈಗ ಅಲ್ಲಿ ಅರಸರಿಲ್ಲ. ಸಂಜೆಯಾದರೆ ಮಕ್ಕಳ ಕೈಹಿಡಿದು ಊರಿನವರು ಬರುತ್ತಾರೆ.

ಆ ದ್ವೀಪಕ್ಕೆ ದೋಣಿಯೇ ಬೇಕೆಂದಿಲ್ಲ. ದಡದಿಂದ ಒಂದು ಕಾಲುದಾರಿಯಿದೆ. ನೀರಿರುವುದರಿಂದ ಪೇಟೆಯ ಗದ್ದಲ ತುಸು ದೂರ ನಿಲ್ಲುತ್ತದೆ. ದಾರಿ ಇರುವುದರಿಂದ ಹೋದವರು ಮರಳಿ ಬರುತ್ತಾರೆ.

ನಮ್ಮ ವಿಶ್ರಾಂತಿಗೂ ಇವೆರಡೂ ಬೇಕು. ದಿನದಲ್ಲಿ ಅರ್ಧ ಗಂಟೆ ಫೋನು ಪಕ್ಕಕ್ಕಿಟ್ಟು ಸುಮ್ಮನೆ ಕುಳಿತರೆ, ಅದೇ ನಮ್ಮ ಸುತ್ತಲಿನ ನೀರು. ಮನೆಯವರು ಕರೆದಾಗ ಓಗೊಡುವ ಮನಸ್ಸಿದ್ದರೆ, ಅದೇ ದಾರಿ. ದಾರಿಯಿಲ್ಲದ ಏಕಾಂತ ಒಂಟಿತನವಾಗುತ್ತದೆ. ನೀರಿಲ್ಲದ ಒಡನಾಟ ದಣಿವಾಗುತ್ತದೆ.

ಇವತ್ತಿನ ಕೆಲಸಗಳ ನಡುವೆ ಆ ಅರ್ಧ ಗಂಟೆಯನ್ನು ಎಲ್ಲಿ ಇಡುತ್ತೀರಿ? ಈಗಲೇ ಗೊತ್ತುಮಾಡಿಕೊಳ್ಳಿ.