ರೋಗದ ಕಾಲದಲ್ಲಿ ವ್ಯಾಪಾರ, ಬಂಡವಾಳ ಮತ್ತು ರೈತನ ಮನೆ



ಈ ದಿವಸ ನಾನು ಹೇಳಬೇಕೆಂದಿರುವುದು ಬೀಜ ಗೊಬ್ಬರದ ಸಂಗತಿಯಲ್ಲ. ನಾಡಿಗೆ ನಾಡೇ ಹಬ್ಬುವ ರೋಗ ಬಂದು ಪೇಟೆಯ ಬಾಗಿಲು ಮುಚ್ಚಿದಾಗ, ನಮ್ಮ ಮಾಲು ಕೊಳ್ಳುವ ಮಂಡಿಯವರು, ಗಿರಣಿಯವರು, ತೋಟವನ್ನು ಖೇಣಿಗೆ ಹಿಡಿಯುವವರು ಹೇಗೆ ನಿಭಾಯಿಸುತ್ತಾರೆ, ಕೈಯಲ್ಲಿದ್ದ ನಾಲ್ಕು ಕಾಸನ್ನು ಬಂಡವಾಳವಾಗಿ ಹಾಕಿದವರ ಗತಿ ಏನಾಗುತ್ತದೆ, ಅದರಿಂದ ನಾವು ಕಲಿಯತಕ್ಕದ್ದೇನು ಎಂಬುದು ಇವತ್ತಿನ ವಿಚಾರ.

“ಅದೆಲ್ಲ ಸಾಹುಕಾರರ ಮಾತು, ನಮಗ್ಯಾಕೆ?” ಎಂದು ನೀವು ಕೇಳಬಹುದು. ಸ್ವಲ್ಪ ತಾಳಿ. ಅಡಿಕೆ ಮಾರಿದ ಹಣವನ್ನು ಬೇಕಾದಾಗ ತಗೊಂಡರಾಯ್ತು ಎಂದು ಮಂಡಿಯಲ್ಲೇ ಬಿಟ್ಟವನು ಆ ಮಂಡಿಗೆ ಸಾಲ ಕೊಟ್ಟ ಹಾಗೆಯೇ ಆಯಿತು. ತೋಟವನ್ನು ಖೇಣಿಗೆ ಕೊಟ್ಟು ಅರ್ಧ ಹಣ ಆಮೇಲೆ ಎಂದವನೂ ಸಾಲ ಕೊಟ್ಟವನೇ. ಊರಿನ ಚೀಟಿಗೆ ತಿಂಗಳು ತಿಂಗಳು ದುಡ್ಡು ಕಟ್ಟುವ ತಾಯಿಯೂ ಬಂಡವಾಳ ಹಾಕಿದವಳೇ. ಆದುದರಿಂದ ವ್ಯಾಪಾರಿಯ ಕಷ್ಟ ಸುಖ ನಮ್ಮ ಮನೆಯ ಜಮಾ ಖರ್ಚಿಗೂ ತಾಗುತ್ತದೆ.

ನಮ್ಮ ಸೀಮೆಗೆ ಇಂಥ ಕಾಲ ಹೊಸದಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಆಮೇಲೆ ಮೈಸೂರು ಸೀಮೆಯಲ್ಲಿ ಹರಡಿತು. ಆಗ ನಮ್ಮ ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. ಊರಲ್ಲಿ ಇಲಿ ಬಿದ್ದರೆ ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. 1918ರಲ್ಲಿ ಇನ್‌ಫ್ಲುಯೆಂಜಾ ಜ್ವರ ಬಂತು. ಊರು ಬಿಟ್ಟು ಹೋಗುವಾಗ ಕಣಜದ ರಾಗಿ, ಕೊಟ್ಟಿಗೆಯ ದನ, ಗಂಟಿನಲ್ಲಿದ್ದ ಕಾಸು, ಇಷ್ಟೇ ಕೈಗೆ ಸಿಕ್ಕುವ ಆಸ್ತಿ. ಈ ಪಾಠ ನೂರು ವರ್ಷದ ಮೇಲೆ ಮತ್ತೆ ಬೇಕಾಯಿತು.

2020ರ ಮಾರ್ಚ್ 25ರಿಂದ ದೇಶವೆಲ್ಲ ಲಾಕ್‌ಡೌನ್ ಆಯಿತು. ಮೊದಲು 21 ದಿವಸ ಎಂದರು. ಅದು ಬೆಳೆದು ಮೇ 31ರವರೆಗೆ ಹೋಯಿತು. ಬೇಸಾಯದ ಕೆಲಸಕ್ಕೆ, ಮಾರುಕಟ್ಟೆಗೆ, ಗೊಬ್ಬರದ ಅಂಗಡಿಗೆ ಮಾರ್ಚ್ 27ರಲ್ಲಿಯೇ ಕೇಂದ್ರ ಸರ್ಕಾರದವರು ವಿನಾಯಿತಿ ಕೊಟ್ಟರೇನೋ ನಿಜ. ಆದರೆ ಲಾರಿಯ ಡ್ರೈವರ್ ಇಲ್ಲ, ಹಮಾಲರಿಲ್ಲ, ಕೊಳ್ಳುವ ಊರಿನ ಅಂಗಡಿ ತೆರೆದಿಲ್ಲ. ಕಾಗದದ ಮೇಲೆ ಪೇಟೆ ತೆರೆದರೂ ನಿಜವಾಗಿ ತೆರೆಯಲು ವಾರಗಳು ಬೇಕಾದುವು. 2021ರ ಏಪ್ರಿಲ್ 27ರಿಂದ ನಮ್ಮ ರಾಜ್ಯದಲ್ಲಿ ಎರಡನೆಯ ಸಲ ಬಾಗಿಲು ಮುಚ್ಚಿತು. ಆ ಸಲ ಪೇಟೆಗಿಂತ ಮನುಷ್ಯರು ಹೆಚ್ಚು ಹೋದರು.

ಈಗ ಮಾಲಿನ ವಿಚಾರ ನೋಡೋಣ. ಕಾಯುವ ಮಾಲು ಬೇರೆ, ಕಾಯದ ಮಾಲು ಬೇರೆ. ಅಟ್ಟದ ಮೇಲೆ ಹಾಕಿದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಕೂತು ಉಂಡೆ ಕೊಬ್ಬರಿಯಾಗುತ್ತದೆ. ಇನ್ನೆರಡು ತಿಂಗಳು ಕೂತರೆ ಪ್ರಳಯವೇನೂ ಇಲ್ಲ. ಬೇಯಿಸಿ ಒಣಗಿಸಿದ ರಾಶಿ ಅಡಿಕೆಯನ್ನು ಥಂಡಿ ತಾಗದಂತೆ ಜೋಪಾನ ಮಾಡಿದರೆ ಕಾಯುತ್ತದೆ. ಹಾಲು ಒಂದು ಹೊತ್ತೂ ಕಾಯದು. ಟೊಮೇಟೊ, ಹೂವು ಎರಡು ದಿವಸ ಕಾಯವು. ಅಜ್ಜಂಪುರದ ಕಡೆಯ ಈರುಳ್ಳಿ ಮಳೆಗಾಲದಲ್ಲಿ ಕಿತ್ತದ್ದಾದರೆ ಹೆಚ್ಚು ದಿನ ನಿಲ್ಲದು. ಮನೆಯ ಹುಟ್ಟುವಳಿಯೆಲ್ಲ ಕಾಯದ ಮಾಲೇ ಆಗಿದ್ದವನಿಗೆ 2020ರಲ್ಲಿ ಹೆಚ್ಚು ಪೆಟ್ಟು ಬಿತ್ತು. ಎರಡೂ ಬಗೆ ಇಟ್ಟುಕೊಂಡವನು ಹಾಲಿನ ನಷ್ಟವನ್ನೋ ಹೂವಿನ ನಷ್ಟವನ್ನೋ ಕೊಬ್ಬರಿಯಿಂದ ತುಂಬಿಕೊಂಡ.

ಕಾಯದ ಮಾಲಿಗೂ ಒಂದು ದಾರಿ ಇದೆ. ಅದು ಸಂಘದ ದಾರಿ. ಹೋಟೆಲು ಮುಚ್ಚಿ ಹಾಲಿನ ಮಾರಾಟ ಕುಸಿದಾಗಲೂ ಹಾಲು ಒಕ್ಕೂಟಗಳು ಸಂಗ್ರಹಿಸಿ ಪುಡಿ ಮಾಡಿದುವು. 2020ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರದವರು ಮಿಕ್ಕ ಹಾಲನ್ನು ಕೊಂಡು ಪಟ್ಟಣದ ಬಡವರಿಗೆ ಹಂಚಿದರು. ಹಾಪ್‌ಕಾಮ್ಸ್‌ನವರು ಬೆಂಗಳೂರಿನ ಬೀದಿಗಳಿಗೆ ಗಾಡಿಯಲ್ಲಿ ತರಕಾರಿ ಕೊಂಡೊಯ್ದರು. ಅಡಿಕೆಯಲ್ಲಿ ಕ್ಯಾಂಪ್ಕೋದವರು ಏಪ್ರಿಲ್‌ನಲ್ಲಿ ಕೊಳ್ಳುವುದನ್ನು ಮತ್ತೆ ಶುರುಮಾಡಿ, ಒಬ್ಬೊಬ್ಬ ಸದಸ್ಯನಿಂದ ಇಷ್ಟೇ ಎಂದು ಮಿತಿ ಹಾಕಿ, ಎಲ್ಲರ ಕೈಗೂ ನಾಲ್ಕು ಕಾಸು ಸಿಗುವಂತೆ ಮಾಡಿದರು. ಒಂಟಿ ರೈತನಿಗೆ ಇದಾವುದೂ ಸಾಧ್ಯವಾಗುವ ಕೆಲಸವಲ್ಲ.

ಇನ್ನು ನಡುತರದ ವ್ಯಾಪಾರಿಗಳು, ಗಿರಣಿಯವರು. ಇವರು ತೀರ ದೊಡ್ಡ ಕಂಪನಿಯೂ ಅಲ್ಲ, ಸಂತೆಯ ಗುಡ್ಡೆ ವ್ಯಾಪಾರಿಯೂ ಅಲ್ಲ. ಹತ್ತಿಪ್ಪತ್ತು ಆಳು, ಒಂದು ಗೋದಾಮು, ಎರಡು ಲಾರಿ, ಬ್ಯಾಂಕಿನ ಸಾಲ. ಇಂಥವರಲ್ಲಿ ಉಳಿದುಕೊಂಡವರು ಮಾಡುವ ಕೆಲಸ ಮುಖ್ಯವಾಗಿ ಮೂರು.

ಮೊದಲನೆಯದು, ಕೈಯಲ್ಲಿ ನಗದು ಇಟ್ಟುಕೊಳ್ಳುವುದು. ಲಾಭ ಪುಸ್ತಕದಲ್ಲಿದ್ದರೆ ಸಾಲದು. ಬಾಗಿಲು ಮುಚ್ಚಿದರೂ ಮೂರು ತಿಂಗಳು ಆಳುಗಳ ಸಂಬಳ, ಬಾಡಿಗೆ, ಕರೆಂಟು ಬಿಲ್ಲು ಕಟ್ಟುವಷ್ಟು ಹಣ ಪೆಟ್ಟಿಗೆಯಲ್ಲಿರಬೇಕು.

ಎರಡನೆಯದು, ಒಬ್ಬನೇ ಗಿರಾಕಿಯನ್ನು ನಂಬಿ ಕೂರದಿರುವುದು. ನಮ್ಮ ಕೆಂಪಡಿಕೆ ಹೋಗುವುದು ಬಹುಪಾಲು ಉತ್ತರದ ಪಾನ್ ಮಸಾಲೆ ಕಾರ್ಖಾನೆಗಳಿಗೆ. ಅವು ಮುಚ್ಚಿದಾಗ ಇಲ್ಲಿನ ಮಂಡಿಯೂ ನಿಂತಿತು.

ಮೂರನೆಯದು, ಇದ್ದ ಯಂತ್ರದಲ್ಲೇ ಬೇರೆ ಕೆಲಸ ಮಾಡುವುದು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳು ಮಾಸ್ಕು, ವೈದ್ಯರು ತೊಡುವ ರಕ್ಷಣೆಯ ಅಂಗಿ ಹೊಲಿದುವು. ಸಕ್ಕರೆ ಕಾರ್ಖಾನೆಗಳ ಮದ್ಯಸಾರದ ಘಟಕಗಳು ಕೈಗೆ ಹಚ್ಚುವ ಸ್ಯಾನಿಟೈಸರ್ ತಯಾರಿಸಿದುವು. ಹಳ್ಳಿಯಲ್ಲಿಯೂ ಹಾಗೆಯೇ. ಮೆಣಸಿನಪುಡಿ ಬೀಸುವ ಗಿರಣಿ ರಾಗಿ ಹಿಟ್ಟನ್ನು ಪೊಟ್ಟಣ ಕಟ್ಟಿ ಮನೆಮನೆಗೆ ಕೊಡಬಹುದು.

ಈ ಕಾಲದಲ್ಲಿ ಸರ್ಕಾರದವರೂ ಕೈ ಕೊಟ್ಟರು. 2020ರ ಫೆಬ್ರವರಿ 29ಕ್ಕೆ ಎಷ್ಟು ಸಾಲ ಬಾಕಿ ಇತ್ತೋ ಅದರ ನೂರಕ್ಕೆ 20ರಷ್ಟನ್ನು ಸರ್ಕಾರದ ಜಾಮೀನಿನ ಮೇಲೆ ಬ್ಯಾಂಕುಗಳು ಹೊಸದಾಗಿ ಕೊಟ್ಟುವು. 50 ಲಕ್ಷ ಬಾಕಿ ಇದ್ದ ಗಿರಣಿಗೆ 10 ಲಕ್ಷ ಸಿಕ್ಕುವ ಲೆಕ್ಕ. ಮೊದಲನೆಯ ವರ್ಷ ಅಸಲು ಕಟ್ಟುವ ಹಾಗಿಲ್ಲ. ಆ ಯೋಜನೆ 2023ರ ಮಾರ್ಚ್‌ಗೆ ಮುಗಿಯಿತು. ಇದನ್ನು ಆಳಿನ ಸಂಬಳಕ್ಕೆ, ರೈತನ ಬಾಕಿಗೆ ಉಪಯೋಗಿಸಿದವರು ಉಳಿದರು. ಹೊಸ ಕಾರು ಕೊಂಡವರಿಗೆ ಸಾಲ ಮಾತ್ರ ಉಳಿಯಿತು.

ಸಾಲದ ಕಂತು ಮುಂದೂಡಿದ ವಿಚಾರವನ್ನು ಇನ್ನೂ ಸರಿಯಾಗಿ ತಿಳಿಯದವರಿದ್ದಾರೆ. ರಿಸರ್ವ್ ಬ್ಯಾಂಕಿನವರು 2020ರ ಮಾರ್ಚ್‌ನಿಂದ ಆಗಸ್ಟ್ 31ರವರೆಗೆ, ಅಂದರೆ ಆರು ತಿಂಗಳು, ಕಂತು ಮುಂದೂಡಲು ಅವಕಾಶ ಕೊಟ್ಟರು. ಅದು ಮನ್ನಾ ಅಲ್ಲ ಸ್ವಾಮಿ, ವಾಯಿದೆ ಅಷ್ಟೆ. ಟ್ರ್ಯಾಕ್ಟರಿನ ಮೇಲೆ 3 ಲಕ್ಷ ಬಾಕಿ, ಬಡ್ಡಿ ನೂರಕ್ಕೆ ವರ್ಷಕ್ಕೆ 12 ಎನ್ನಿ. ತಿಂಗಳಿಗೆ 3,000, ಆರು ತಿಂಗಳಿಗೆ 18,000 ರೂಪಾಯಿ. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. ಕೈಯಲ್ಲಿ ದುಡ್ಡಿದ್ದೂ ಕಂತು ಕಟ್ಟದೆ ಕೂತವನಿಗೆ ಅಷ್ಟು ನಷ್ಟ. ನಿಜವಾಗಿಯೂ ದುಡ್ಡಿಲ್ಲದವನಿಗೆ ಅದೇ ಉಪಕಾರ. ಮುಂದೆ ಇಂಥ ಅವಕಾಶ ಬಂದರೆ ಈ ವ್ಯತ್ಯಾಸ ನೆನಪಿರಲಿ.

ಈಗ ಬಂಡವಾಳ ಹಾಕಿದವರ ಕಡೆ ಬರೋಣ. 2020ರ ಮಾರ್ಚ್ 23ರಂದು ಮುಂಬಯಿಯ ಷೇರು ಪೇಟೆಯ ಸೂಚ್ಯಂಕ ಒಂದೇ ದಿವಸದಲ್ಲಿ 3,900ಕ್ಕೂ ಹೆಚ್ಚು ಅಂಶ ಬಿದ್ದು 26,000ದ ಕೆಳಗೆ ಇಳಿಯಿತು. ಹತ್ತೇ ತಿಂಗಳಲ್ಲಿ, 2021ರ ಜನವರಿ 21ರಂದು, ಅದೇ ಸೂಚ್ಯಂಕ 50,000 ಮುಟ್ಟಿತು. ಹೆದರಿ ಮಾರಿದವನು ಕಳೆದುಕೊಂಡ. ತಾಳಿ ಕೂತವನು ಗಳಿಸಿದ. ತಾಳಿ ಕೂರುವುದಕ್ಕೆ ಆಗುವುದು ಯಾರಿಗೆ? ಆ ಹಣ ಬೇರೆ ಯಾವುದಕ್ಕೂ ಬೇಡದವನಿಗೆ. ಮುಂಗಾರಿನ ಬೀಜಕ್ಕೆ, ಮಗಳ ಮದುವೆಗೆ, ಆಸ್ಪತ್ರೆಗೆ ಬೇಕಾದ ಹಣವನ್ನು ಅಲ್ಲಿ ಹಾಕಿದವನು ಬಿದ್ದ ದಿವಸವೇ ಮಾರಬೇಕಾಗುತ್ತದೆ. ಪಟ್ಟಣದಿಂದ ಬಂದ ಮಕ್ಕಳು ಫೋನಿನಲ್ಲಿ ಷೇರು ತೋರಿಸಿದರೆ ಬೈಯಬೇಡಿ; ಈ ಒಂದು ಮಾತು ಹೇಳಿ.

ನಮ್ಮದೇ ಮಾಲಿನಲ್ಲಿಯೂ ಇದೇ ಕತೆ. 2020ರಲ್ಲಿ ಈರುಳ್ಳಿ ದಾಸ್ತಾನು ಮಾಡಿದವರನ್ನು ನೋಡಿ. ಸೆಪ್ಟೆಂಬರ್ 14ಕ್ಕೆ ಕೇಂದ್ರದವರು ರಫ್ತು ನಿಲ್ಲಿಸಿದರು. ಅದೇ ಕಾಲಕ್ಕೆ ಮಳೆ ಹೊಡೆದು ಹೊಲದ ಈರುಳ್ಳಿ ಕೊಳೆಯಿತು, ಧಾರಣೆ ಏರಿತು. ಏರಿತು ಎನ್ನುವಷ್ಟರಲ್ಲಿ ಅಕ್ಟೋಬರ್ 23ಕ್ಕೆ ಸಗಟು ವ್ಯಾಪಾರಿ 25 ಟನ್, ಚಿಲ್ಲರೆಯವನು 2 ಟನ್ ಮೀರಿ ಇಡಕೂಡದೆಂದು ಆಜ್ಞೆಯಾಯಿತು. 2021ರ ಜನವರಿ 1ಕ್ಕೆ ರಫ್ತು ಮತ್ತೆ ತೆರೆಯಿತು. ನಾಲ್ಕು ತಿಂಗಳಲ್ಲಿ ನಾಲ್ಕು ತಿರುವು. ಬಡ್ಡಿಗೆ ದುಡ್ಡು ತಂದು ಇಂಥ ಮಾಲು ಕೂಡಿಡುವುದು ವ್ಯಾಪಾರವಲ್ಲ, ಜೂಜು.

ಕೊಬ್ಬರಿಯೂ ಹಾಗೆಯೇ. 2020ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 10,300 ರೂಪಾಯಿ. 2021ರಲ್ಲಿ ಪೇಟೆಯ ಧಾರಣೆ ಅದಕ್ಕಿಂತ ಬಹಳ ಮೇಲೆ ಹೋಯಿತು. 2023ರಲ್ಲಿ ಬೆಂಬಲ ಬೆಲೆಯೇ 11,750 ಇರುವಾಗ ಪೇಟೆಯ ಧಾರಣೆ ಅದಕ್ಕಿಂತ ಎಷ್ಟೋ ಕೆಳಗೆ ಬಿತ್ತು. ರಾಶಿ ಅಡಿಕೆ 2021ರ ಮಳೆಗಾಲ ಕಳೆಯುವ ಹೊತ್ತಿಗೆ ಕ್ವಿಂಟಲಿಗೆ 50 ಸಾವಿರ ದಾಟಿತು. ಒಳ್ಳೆ ವರ್ಷದ ಧಾರಣೆ ನೋಡಿ ಹತ್ತು ವರ್ಷದ ಸಾಲ ಮಾಡಬಾರದು.

ಖೇಣಿಯ ವಿಚಾರ ನಮ್ಮ ತೋಟದವರಿಗೆ ಬಹಳ ಮುಖ್ಯ. ಇಡೀ ತೋಟಕ್ಕೆ ಇಷ್ಟು ರೂಪಾಯಿ ಎಂದು ಗುತ್ತಾಗಿ ಕೊಟ್ಟರೆ, ಧಾರಣೆ ಬಿದ್ದ ನಷ್ಟ ಖೇಣಿದಾರನದು. ಕೇಳಲು ಚೆನ್ನ. ಆದರೆ ನಷ್ಟ ತೀರ ಹೆಚ್ಚಾದರೆ ಅವನು ಮುಂಗಡ ಬಿಟ್ಟು ಓಡುತ್ತಾನೆ. ಗೊನೆ ಮರದಲ್ಲಿ ಹಣ್ಣಾಗುತ್ತದೆ. ಹಸಿ ಅಡಿಕೆ ಕ್ವಿಂಟಲಿಗೆ ಇಷ್ಟು ಕಿಲೋ ಒಣ ಅಡಿಕೆ ಎಂದು ಕೊಟ್ಟರೆ, ಏರಿದರೂ ಬಿದ್ದರೂ ಧಾರಣೆ ನಿಮ್ಮದು. ಕಾಯುವ ಶಕ್ತಿ ಇದ್ದವರಿಗೆ ಇದು ಮೇಲು. ಯಾವುದೇ ಆಗಲಿ, ಕರಾರು ಕಾಗದದ ಮೇಲೆ ಇರಲಿ. ಒಂದೊಂದು ಕೊಯ್ಲಿನ ತೂಕ ಆದಮೇಲೆ ಆ ಕೊಯ್ಲಿನ ಲೆಕ್ಕ ಚುಕ್ತಾ ಆಗಲಿ. ಆಮೇಲೆ ಮುಂದಿನ ಕೊಯ್ಲಿಗೆ ದೋಟಿ ಎತ್ತಲಿ. ಪೇಟೆ ಮುಚ್ಚಿದರೆ ಯಾರು ಏನು ಮಾಡತಕ್ಕದ್ದು ಎಂಬ ಒಂದು ಸಾಲು ಕರಾರಿನಲ್ಲಿ ಬರೆಸಿ.

ಹಣ ಎಲ್ಲಿಡಬೇಕು? ಬ್ಯಾಂಕಿನಲ್ಲಿಟ್ಟ ಠೇವಣಿಗೆ 2020ರ ಫೆಬ್ರವರಿ 4ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ. ಬ್ಯಾಂಕು ಮುಳುಗಿದರೂ ಅಷ್ಟು ಬರುತ್ತದೆ. ಊರಿನ ಪ್ರಾಥಮಿಕ ಸಹಕಾರ ಸಂಘದ ಠೇವಣಿಗೆ ಈ ವಿಮೆಯಿಲ್ಲ. ಹಾಗೆಂದು ಸಂಘ ಬಿಡಬೇಡಿ. ಮಹಾಸಭೆಗೆ ಹೋಗಿ ಲೆಕ್ಕ ಕೇಳಿ, ಇಡುವಷ್ಟನ್ನು ಅಳೆದು ಇಡಿ. ಮಂಡಿಯಲ್ಲಿ ಬಿಟ್ಟ ಹಣಕ್ಕೂ, ನೋಂದಣಿಯಾಗದ ಚೀಟಿಗೂ ಯಾವ ವಿಮೆಯೂ ಇಲ್ಲ. ನಮ್ಮ ಮಂಡಿಯವರು ಒಳ್ಳೆಯವರು ಎನ್ನುವಿರಿ. ಇರಬಹುದು. ಒಳ್ಳೆಯವರ ಬಾಗಿಲೂ 2020ರಲ್ಲಿ ಮುಚ್ಚಿತು.

ಕಡೆಯ ಮಾತನ್ನು ತಾಯಂದಿರು ವಿಶೇಷವಾಗಿ ಕೇಳಬೇಕು. 2021ರ ಏಪ್ರಿಲ್, ಮೇ ತಿಂಗಳಲ್ಲಿ ಎಷ್ಟೋ ಮನೆಯ ಯಜಮಾನರು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಯಾರಿಗೆ ಕೈಗಡ ಕೊಟ್ಟಿದ್ದರು, ಯಾವ ಮಂಡಿಯಲ್ಲಿ ಎಷ್ಟು ಬಾಕಿ, ಯಾವ ಬ್ಯಾಂಕಿನಲ್ಲಿ ಠೇವಣಿ, ಇದು ಅವರ ತಲೆಯಲ್ಲಿ ಮಾತ್ರ ಇದ್ದರೆ ಅವರೊಂದಿಗೆ ಅದೂ ಹೋಯಿತು. ಕೊಡಬೇಕಾದವರು ಸುಮ್ಮನಾದರು, ಬರಬೇಕಾದವರು ಮಾತ್ರ ಬಾಗಿಲಿಗೆ ಬಂದರು. ಅಂಥ ದುಃಖದಲ್ಲಿ ಹೆಂಗಸು ಯಾವ ಕಾಗದ ಹುಡುಕಿಯಾಳು?

ಆದುದರಿಂದ ಈ ವಾರವೇ ಇಷ್ಟು ಮಾಡಿ. ಒಂದು ನೋಟ್‌ಬುಕ್ ತನ್ನಿ. ಒಂದು ಪುಟದಲ್ಲಿ ಬರಬೇಕಾದ್ದು, ಇನ್ನೊಂದರಲ್ಲಿ ಕೊಡಬೇಕಾದ್ದು; ಹೆಸರು, ತಾರೀಖು, ಮೊತ್ತ ಬರೆಯಿರಿ. ಗಂಡ ಹೆಂಡತಿ ಇಬ್ಬರೂ ಓದಿರಿ; ಓದು ಬಾರದಿದ್ದರೆ ಮಕ್ಕಳಿಂದ ಓದಿಸಿ ಕೇಳಿರಿ. ಬ್ಯಾಂಕಿನ ಪ್ರತಿ ಖಾತೆಗೆ ನಾಮಿನಿ ಹೆಸರು ಹಾಕಿಸಿ. 18ರಿಂದ 50 ವರ್ಷದೊಳಗಿನವರು ವರ್ಷಕ್ಕೆ 436 ರೂಪಾಯಿ ಕಟ್ಟಿ ಜೀವನಜ್ಯೋತಿ ವಿಮೆಗೆ ಸೇರಿದರೆ, ಅನಾಹುತವಾದಾಗ ಮನೆಗೆ 2 ಲಕ್ಷ ಬರುತ್ತದೆ. ಮಾರಿದ ಹಣವನ್ನು ಮಂಡಿಯಲ್ಲಿ ಬಿಡದೆ ಖಾತೆಗೆ ಹಾಕಿಸಿಕೊಳ್ಳಿ. ಮೂರು ತಿಂಗಳ ಖರ್ಚಿನಷ್ಟು ನಗದು, ಆರು ತಿಂಗಳ ರಾಗಿ ಮನೆಯಲ್ಲಿರಲಿ. ಮಿಕ್ಕದ್ದನ್ನು ಮಾತ್ರ ಬಂಡವಾಳವೆನ್ನಿ.

ಮಳೆ ಬರುವ ಮೊದಲು ಕೆರೆಯ ಕೋಡಿ ನೋಡಿಕೊಳ್ಳುವವರು ನಾವು. ರೋಗ ಮತ್ತೆ ಯಾವಾಗ ಬರುತ್ತದೋ ಹೇಳಲಾಗದು. ಬಂದರೆ ವ್ಯಾಪಾರಿ ತನ್ನ ದಾರಿ ತಾನು ಹುಡುಕಿಕೊಳ್ಳುತ್ತಾನೆ. ನಮ್ಮ ಮನೆಯ ದಾರಿ ನಾವು ಈಗಲೇ ನೋಡಿಕೊಂಡಿರೋಣ.